ಕ್ರಮಯುಗ್ಮ

ಒಂಬತ್ತನೇ ಇಯತ್ತೆ, ಊಟದ ನಂತರದ ಪಿರಿಯಡ್ಡು.
ಕಿಟಕಿಯಾಚೆ ಹೈವೇ, ಅದರಾಚೆ ಬೇಲಿ,
ಬೇಲಿಯಾಚೆ ಎಲ್ಲೋ, ವಾಸನೆ ಮಾತ್ರ ಬರುವ ಕಡಲು.
ಹಲಗೆಯ ಮೇಲೆ ಎರಡು ಗೆರೆ ಎಳೆದು ಅಂದೆ:
ಮೊದಲು ಅಡ್ಡ, ಆಮೇಲೆ ಮೇಲಕ್ಕೆ.
ಮೂರು ಕಾಮಾ ಐದು ಬೇರೆ, ಐದು ಕಾಮಾ ಮೂರು ಬೇರೆ.
ಕಂಸದೊಳಗೆ ಕೂತ ಮೇಲೆ ಜಾಗ ಬದಲಿಸುವ ಹಾಗಿಲ್ಲ.
ಇದಕ್ಕೆ ಕ್ರಮಯುಗ್ಮ ಅಂತಾರೆ, ಬರ್ಕೊಳ್ಳಿ.

ಸುಲಭಾ ಪೆಡ್ನೇಕರ ಬರ್ಕೊಳ್ಳಲಿಲ್ಲ.
‘ಕ್ರಮ ಅಂದ್ರೆ ಯಾವ್ದು ಅಕ್ಕೋರೇ?
ಬೋರ್ಡಲ್ಲಿ ಉಂಟಲ್ಲ, ಅದಾ?’

ಬೋರ್ಡು ಅಂದರೆ ಈ ಕಪ್ಪುಹಲಗೆಯಲ್ಲ.
ಅರ್ಗಾದ ಬೇಲಿಗೆ ಬಿಗಿದ ತಗಡು, ಮೊಳೆಯಿಂದ ಇಳಿದ ತುಕ್ಕು:
ಅತಿಕ್ರಮಿಸಿದರೆ ಕ್ರಮ ಕೈಗೊಳ್ಳಲಾಗುವುದು.
ಹದಿನೆಂಟು ವರ್ಷ ಅದೇ ಬಸ್ಸು, ಅದೇ ಕಿಟಕಿ.
ಒಂದೇ ಸಾಲಿನಲ್ಲಿ ಒಂದು ಶಬ್ದ ತನ್ನನ್ನೇ ದಾಟಿ
ತನ್ನ ಕೈಗೇ ಸಿಕ್ಕಿಬೀಳುವುದನ್ನು
ನೋಡಿದ್ದೆ, ಓದಿರಲಿಲ್ಲ.

ಮೂಲದಲ್ಲಿ ಹೆಜ್ಜೆ ಅಂತ ಅರ್ಥ, ಅಂದೆ.
ಅನ್ನುವಾಗಲೇ ನೆನಪಾಯಿತು,
ಮೂರು ಹೆಜ್ಜೆ ಜಾಗ ಸಾಕು ಎಂದು ಕೇಳಿ ಬಂದವನ
ಹೆಸರಿನೊಳಗೂ ಇದೇ ಇದೆ.
ಅದನ್ನು ಹೇಳಲಿಲ್ಲ. ಸಿಲೆಬಸ್ಸಿನಲ್ಲಿಲ್ಲ.

ಮರುದಿನ ಅವಳು ಅಜ್ಜನ ಪುಸ್ತಕ ತಂದಳು,
ಮೀನಿನ ಎಣ್ಣೆ ಹೀರಿ ಪಾರದರ್ಶಕವಾದ ಹಾಳೆ.
ಪುರ್ಸು ತಾಂಡೇಲನ ಅಕ್ಷರ, ಒತ್ತಿ ಒತ್ತಿ ಬರೆದದ್ದು:
ಗೊಬ್ರಾ ಸಿಗುವ ಖಡಪ. ಹನ್ನೊಂದು ಮಾರು ಆಳ.
ದೇವಗಡದ ದೀಪ ಕೂರ್ಮಗಡಕ್ಕೆ ಅಡ್ಡ ಬರಬೇಕು,
ಇದು ಒಂದು ಗೆರೆ.
ನಮ್ಮ ಅಂಗಳದ ಹುಣಸೆ
ಹಿಂದಿನ ಗುಡ್ಡದ ಕಚ್ಚಿನಲ್ಲಿ ಕೂರಬೇಕು,
ಇದು ಇನ್ನೊಂದು.
ಎರಡೂ ಕೂಡಿದಲ್ಲಿ ಗಾಳ ಬಿಡು.

ಮನೆ ಹೋಯಿತು. ಹುಣಸೆ ಹೋಯಿತು.
ಖಡಪ ಅಲ್ಲೇ ಇದೆ, ಗೊಬ್ರಾ ಅಲ್ಲೇ ಇದೆ,
ಅಜ್ಜ ದೀಪದ ಗೆರೆ ಹಿಡಿದು ಹೋಗಿ ಹೋಗಿ
ಎಲ್ಲಿ ನಿಲ್ಲಬೇಕೆಂದು ತಿಳಿಯದೆ
ಹೋದ ಗೆರೆಯಲ್ಲೇ ಹಿಂದೆ ಬಂದನಂತೆ, ಎರಡು ಮಳೆಗಾಲದ ನಡುವೆ
ಇಪ್ಪತ್ತು ಸಲವಾದರೂ.

‘ಈಗ ಮಾಮನ ಬೋಟಲ್ಲಿ ಮಷೀನುಂಟು.
ಹದಿನಾಲ್ಕು ಮೊದಲು, ಎಪ್ಪತ್ನಾಲ್ಕು ಆಮೇಲೆ.
ನಿಮ್ಮ ಲೆಕ್ಕದಲ್ಲಿ ಅಡ್ಡದ್ದು ಮೊದಲು.
ಯಾರ ಕ್ರಮ ಸರಿ ಅಕ್ಕೋರೇ?’

ಸ್ಟಾಫ್ ರೂಮಿನ ಅಟ್ಲಾಸು ಬಿಡಿಸಿದೆ.
ನಾನು ಬರೆಸಿದ ಹಾಗೆ ಬರೆದು ಮಷೀನಿಗೆ ಕೊಟ್ಟರೆ
ಬೋಟು ನಾರ್ವೆಯ ಬಡಗಣ ಕಡಲಲ್ಲಿ ತೇಲುತ್ತದೆ,
ಬೇಸಿಗೆಯಲ್ಲಿ ಸೂರ್ಯ ಮುಳುಗುವುದನ್ನೇ ಮರೆಯುವ ನೀರು.
ಲುಂಗಿಯುಟ್ಟ ಅವಳ ಮಾಮ, ಐಸ್ ಪೆಟ್ಟಿಗೆ ಎದುರಿಟ್ಟುಕೊಂಡು
ಇಷ್ಟು ಐಸನ್ನು ಏನು ಮಾಡಲಿ ಎಂದು ನೋಡುತ್ತಿರುವುದು
ಕಣ್ಣಿಗೆ ಕಟ್ಟಿ ಒಬ್ಬಳೇ ನಕ್ಕೆ.
ಆಮೇಲೆ ನಗು ನಿಂತಿತು.
ಸರಿ ಅನ್ನುವುದಿಲ್ಲ, ಒಪ್ಪಂದ ಅಷ್ಟೇ ಇದೆ
ಎಂದು ಅವಳಿಗೆ ಹೇಳುವುದು ಹೇಗೆ?
ಒಪ್ಪಂದ ಅನ್ನುವ ಶಬ್ದವನ್ನು ಆ ಮನೆಯವರು
ಒಮ್ಮೆ ಹೆಬ್ಬೆಟ್ಟಿನಲ್ಲಿ ಓದಿದ್ದಾರೆ.

ಕಿರುಪರೀಕ್ಷೆ. ನಾಲ್ಕನೇ ಪ್ರಶ್ನೆ, ಒಂದು ಅಂಕ:
ಕ್ರಮಯುಗ್ಮಕ್ಕೆ ಒಂದು ಉದಾಹರಣೆ ಕೊಡಿ.
ನಲವತ್ತೊಂದು ಮಕ್ಕಳು (೨, ೩) ಎಂದು ಬರೆದರು.
ಅವಳು ಬರೆದದ್ದು
(ಅರ್ಗಾ, ತೋಡೂರು)

ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಸಂಖ್ಯೆಗಳೇ ಇರಬೇಕೆಂದು ಪ್ರಶ್ನೆ ಹೇಳಿರಲಿಲ್ಲ.
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಅದಲುಬದಲು ಮಾಡಿ ನೋಡಿದೆ:
ತೋಡೂರು ಮೊದಲು, ಅರ್ಗಾ ಆಮೇಲೆ.
ಅಳಿಸಿದೆ. ಅಂಕ ಕೊಟ್ಟೆ.

ಅವಳು ಹುಟ್ಟಿದ್ದು ತೋಡೂರಿನ ಕಾಲೊನಿಯಲ್ಲಿ,
ಅರ್ಗಾ ಕಂಡವಳಲ್ಲ.
ಆದರೂ ನಡುವಿನ ಆ ಕಾಮಾ
ಉಳಿದ ಅಕ್ಷರಗಳಿಗಿಂತ ದಪ್ಪ, ಶಾಯಿ ಹಿಂದಿನ ಹಾಳೆಗೂ ಇಳಿದಿದೆ.
ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತ್ತು
ಅಂತ ಕಾಣುತ್ತದೆ.